ಸ್ಟೇಜಿನ ಕೆಳಗಿನ ಗಡಗಿ

...ಆವಾಗ ಮೈಕ್ ಎಲ್ಲಿಂದ ಬರಬೇಕು, ಮೊಮ್ಮಗಳ? ನಾಳೆ ನೀ ನಾಟಕ ಮಾಡಾಕ ಹೊಂಟೀಯಲ್ಲ, ಪ್ಯಾಟ್ಯಾಗಿನ ಆ ಹಳೇ ಥೇಟರ್, ಈಗ ಬಣ್ಣಾ ಬಳದು ಮದಲಗಿತ್ತಿ ಮಾಡ್ಯಾರ ನೋಡು, ಅಲ್ಲೇ ನನ್ನ ಮೊದಲನೇ ನೌಕರಿ. ಸಿನೆಮಾ ಬಂದದ್ದು ಆಮ್ಯಾಲ, ಕಟ್ಟಿದ್ದು ನಾಟಕಕ್ಕ. ಕಲ್ಲಿನ ಗ್ವಾಡಿ, ಮೂರೂ ಕಡೆ ಸಾಗವಾನಿ ಬಾಲ್ಕನಿ, ಮ್ಯಾಲ ಹಂಚು... ಅಲ್ಲಲ್ಲ, ತಗಡು, ಮಳಿ ಬಂತಂದ್ರ ಮಾತು ಬಂದ್! ಆದ್ರ ಖರೇ ಸೊಗಸು ಯಾರಿಗೂ ಕಾಣತಿರಲಿಲ್ಲ. ಸ್ಟೇಜಿನ ಹಲಗಿ ಕೆಳಗ ದೊಡ್ಡ ದೊಡ್ಡ ಮಣ್ಣಿನ ಗಡಗಿ, ಬಾಯಿ ಮ್ಯಾಲ ಮಾಡಿ ಹುಗದಿದ್ರು. ಖಾಲಿ ಗಡಗಿ, ತಿಳೀತಾ? ಮ್ಯಾಲ ನಾವು ಆಡಿದ ಮಾತು ಅದರಾಗ ಗುಂಯ್ ಅಂತ ಎದ್ದು ಹಿಂದಿನ ಬೆಂಚಿನ ತನಕಾ ಮುಟ್ಟತಿತ್ತು. ನಾ ಹೋದ ದಿನಾನ ನಾಟಕ ಕಂಪನಿ ಮಾಲಕರು ಮೀಸಿ ತಿರುವಿ ಇದನ್ನ ಹೇಳಿದ್ರು.

ಆ ವರ್ಷ ಬರ ಬಿದ್ದು ಕಾಳುಕಡಿಗೆ ಭಾಳ ತ್ರಾಸು. ನಮ್ಮಪ್ಪ ತೀರಿಕೊಂಡಿದ್ದ, ನಮ್ಮವ್ವ ನನ್ನ ಕರಕೊಂಡು ಗಬ್ಬೂರಿಂದ ನಡಕೋತ ಬಂದು ಕಂಪನ್ಯಾಗ ಬಿಟ್ಟಿದ್ಲು. ಎರಡು ಹೊತ್ತು ರೊಟ್ಟಿ ಸಿಗತಿತ್ತಲ್ಲ, ಅದಽ ಸ್ವರ್ಗ. ಒಂದಿನ ತಾಲೀಮಿನ್ಯಾಗ ಮಾಲಕರು ಹಿಂದಿನ ಬೆಂಚಿಗೆ ಕುಂತು, ಬಾಯಿತುಂಬ ಎಲಿಅಡಿಕಿ, "ಏ ತಂಗೀ, ಬಾಯಿ ಅಳ್ಳಾಡತೈತಿ, ಮಾತು ಬರವಲ್ತಲ್ಲ!" ನಾ ಒದರಿದೆ. "ಕೇಳವಲ್ತು!" ಮತ್ತ ಒದರಿದೆ. "ನಾಳೆ ತಾಲೀಮಿನ್ಯಾಗ ಇಲ್ಲಿತನಕಾ ಮುಟ್ಟಲಿಲ್ಲಂದ್ರ ಊರ ದಾರಿ ಹಿಡಿ!" ರಾಜನ ಪಾರ್ಟಿನ ಕಾಕಾನ ಮಾತೂ ಹಿಂದ ಮುಟ್ಟತಿರಲಿಲ್ಲ, ಒದರಿ ಒದರಿ ಗಂಟಲು ಬಿದ್ದಿತ್ತು ಅನ್ನು, ಅಂವಾ "ಹವಾ ಸರಿ ಇಲ್ರಿ" ಅಂತ ಮೆಣಸಿನ ಕಷಾಯ ಕುಡಿಯಾಕತ್ತಿದ್ದ. ಯಾರೋ ದೃಷ್ಟಿ ಆಗೇತಿ ಅಂತ ಲಿಂಬಿಹಣ್ಣೂ ಕಟ್ಟಿದ್ರು.

ಮರುದಿನ ಮುಂಜಾನೆ ಮೂಲ್ಯಾಗ ಕುಂತು ಅಳಾಕತ್ತಿದ್ದೆ. ಅಡಗಿ ಬಸಕ್ಕ ಬಂದು, "ಅಳಬ್ಯಾಡವಾ, ಬಾ, ಜ್ವಾಳ ತಗಿಯೂಣು" ಅಂದ್ಲು. ಎಲ್ಲಿಗೆ ಇಳದ್ಲು ಗೊತ್ತೈತೇನು? ಸ್ಟೇಜಿನ ಕೆಳಗ! ನೋಡ್ತೇನಿ, ಅಷ್ಟೂ ಗಡಗಿ ಕಂಠಮಟ ಜ್ವಾಳ, ಮ್ಯಾಲ ಅರಿವಿ ಕಟ್ಯಾಳ! "ಬಸಕ್ಕಾ, ಇವು ಮಾತಿನ ಗಡಗಿ ಅಲ್ಲೇನಬೇ?" "ಮಾತಿಗೆ ಗಡಗಿ ಯಾಕ, ಹುಚ್ಚೀ? ಖಾಲಿ ಗಡಗಿ ಇಡಬಾರ್ದವಾ, ದರಿದ್ರ! ಮ್ಯಾಲ ಇಲಿ ಕಾಟ ಬ್ಯಾರೆ."

ನಾ ಮಾಲಕರ ಕಡೆ ಓಡಿದೆ ನೋಡು! ಮಾಲಕರು ಕೇಳಿ ನಗೂ ಹೊಡತಕ್ಕ ಎಲಿಅಡಿಕಿ ಎಲ್ಲಾ ಅಂಗಿ ಮ್ಯಾಲ. ಅರ್ಧಾ ಜ್ವಾಳ ಚೀಲದಾಗ ತುಂಬಿ ತೊಲಿಗೆ ಕಟ್ಟಿಸಿದ್ರು. "ಉಳದದ್ದು ಇಲಿ ತಿನ್ನೂಕಿಂತ ಮಂದಿ ತಿನ್ಲಿ" ಅಂತ ಬಸಕ್ಕನ ಕಡಿಂದ ರೊಟ್ಟಿ ಬಡಿಸಿ, ಓಣಿ ಮಂದೀನೂ ಕರದ್ರು. ಆವತ್ತು ನಾ ಎಷ್ಟು ಉಂಡೆ ಅಂತ ಕೇಳಬ್ಯಾಡ. ಗಡಗಿ ಎಲ್ಲಾ ಖಾಲಿ ಆದ್ವು, ಉಂಡವ್ರೆಲ್ಲಾ ಅಲ್ಲೇ ತಾಲೀಮು ನೋಡಾಕ ಕುಂತ್ರು. ನಾ ಸ್ಟೇಜ್ ಏರಿದೆ, ಬಾಯಿ ತಗದೆ... ಹಲಗಿ ಝುಂ ಅಂತು, ಅಂಗಾಲಿಗೆ ಗೊತ್ತಾತು ನನಗ! ಹಿಂದಿನ ಬೆಂಚಿಂದ ಓಣಿ ಮುದುಕಿ ಒಬ್ಬಾಕಿ, "ಯವ್ವಾ, ಸಾವಕಾಶ ಮಾತಾಡ, ಕಿವಿ ಹರದಾವು!" ಅಂದ್ಲು. ಆ ಬೈಗಳದಂಥಾ ಖುಷಿ ನನಗ ಮತ್ತ ಯಾವ ಚಪ್ಪಾಳ್ಯಾಗೂ ಸಿಗಲಿಲ್ಲ, ಖರೇ ಹೇಳ್ತೇನಿ.

ಅದಕ್ಕಽ ನಾಳೆ ಹೆದರಿಕಿ ಅಂತ ಉಪಾಸ ಹೋಗಬ್ಯಾಡ. ಮಾತು ಮುಟ್ಟಬೇಕಂದ್ರ ಗಡಗಿ ಖಾಲಿ ಇರಬೇಕು, ಹೊಟ್ಟಿ ಅಲ್ಲ. ಏಳು, ರೊಟ್ಟಿ ಆರಾಕತ್ತಾವ.