ಸ್ತೋತ್ರಕಾಣಿಕೆಯ ಲಕೋಟೆ

ಹೆಂಡತಿ ತೀರಿಹೋದ ಮೇಲೆ ನಿದ್ದೆಯಿಲ್ಲದ ಗು ಎಂಬ ಹಿರಿಯರು ಜೋಂಜು ನಗರದ ಮನೋವೈದ್ಯರ ಹೊರಕೋಣೆಯಲ್ಲಿ ಕಾದಿದ್ದರು. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಪಿಸುಗುಡುತ್ತಿದ್ದರು.

"ಅಕ್ಕ, ಚರ್ಚಿನ ಕಾಣಿಕೆ ಲಕೋಟೆ ಮೇಲೆ ಬರೆದಿದ್ದನ್ನ ಪಾಸ್ಟರ್ ಭಾನುವಾರ ಎಲ್ಲರೆದುರು ಓದ್ತಾರಲ್ವಾ? ನನ್ನದು ವಾಪಸ್ ತಂದ್ಕೊಡು."

"ಓದ್ಲಿ ಬಿಡೆ. ಕಿಮ್ಚಿ ಉಪ್ಪಿನಕಾಯಿ ಹದವಾಗಿ ಹುಳಿ ಬಂತು, ದೇವರಿಗೆ ಸ್ತೋತ್ರ ಅಂತ ನಾನು ಬರೆದಾಗ ಎಲ್ಲ ನಕ್ಕರು. ನೀನೇನು ಬರೆದೆ?"

"ವಾರಕ್ಕೊಂದಾದ್ರೂ ಬರಿ, ಮನಸ್ಸು ಹಗುರಾಗುತ್ತೆ ಅಂತ ನೀನೇ ಅಂದೆ. ಬೇರೇನೂ ಹೊಳೀಲಿಲ್ಲ."

"ಏನು ಬರೆದೆ, ಮಿರಾನ್?"

"ಈ ವಾರವೂ ಮಹಡಿಯಿಂದ ಹಾರದೆ ಇಳಿದು ಬಂದೆ, ಸ್ತೋತ್ರ ಅಂತ."

ಅಕ್ಕನ ಕೈಚೀಲ ಬಿತ್ತು. ಹಿರಿಯರು ಅದನ್ನು ಎತ್ತಿ ಅವಳ ಪಕ್ಕಕ್ಕಿಟ್ಟರು.

"ಡಾಕ್ಟರಿಗೆ ಹೇಳಿದ್ಯಾ?"

"ಭಯ ಆಗುತ್ತೆ."

"ನಂಗೂ ಆಗ್ತಿದೆ. ಲಕೋಟೆ ನಾನು ತರ್ತೀನಿ. ಅದರಲ್ಲಿರೋದನ್ನ ಮೊದ್ಲು ಡಾಕ್ಟರಿಗೆ ಹೇಳೋಣ."

ಒಳಗಿಂದ ಮಿರಾನ್ ಹೆಸರು ಕೂಗಿದರು. ಬಾಗಿಲ ಬಳಿ ತಂಗಿ ಹಿಂಜರಿದಳು. ಅಕ್ಕ ಅವಳ ತೋಳು ಹಿಡಿದು, ತಾನೇ ಬಾಗಿಲು ತಟ್ಟಿದಳು.