ಅರ್ಧ ಮೀಸೆಯಲ್ಲಿ ಡಾಕ್ಟರ ಬಳಿಗೆ

ನಾನು, ವಯಸ್ಸು 58 ವರ್ಷ, ಉದ್ಯೋಗ 23 ವರ್ಷದಿಂದ ಜೈಲಿನ ಕ್ಷೌರಿಕ, ವಾಸ ಜೈಲಿನ ಹಿಂಬದಿಯ ಸಿಬ್ಬಂದಿ ವಸತಿ, ಮನೆ ನಂಬರು 9, ಈ ಮೂಲಕ ತಿಳಿಸುವುದೇನೆಂದರೆ,

ಎಲ್ಲರೂ ಮೀಸೆ ಮಾಮ ಎಂದು ಕರೆಯುವ ವಿಚಾರಣಾ ಕೈದಿಗೆ ನಾನು ಹದಿನೈದು ದಿನಕ್ಕೊಮ್ಮೆ ಕ್ಷೌರ ಮಾಡುತ್ತೇನೆ. ಮೀಸೆಯಲ್ಲಿ ಒಂದು ಕೂದಲು ಹೆಚ್ಚುಕಡಿಮೆಯಾದರೂ ಅವನು ನನ್ನ ಜನ್ಮ ಜಾಲಾಡುತ್ತಾನೆ. ಅವನ ಕಾಟಕ್ಕೆ ನಾನು ರೋಸಿಹೋಗಿದ್ದೂ ನಿಜ.

ದಿನಾಂಕ 12, ಮಂಗಳವಾರ ಬೆಳಿಗ್ಗೆ 11.30ಕ್ಕೆ ಎಡಗಡೆ ಮೀಸೆ ಕತ್ತರಿಸಿ ಕನ್ನಡಿ ಹಿಡಿದೆನು. ಅವನು ನೋಡಲಿಲ್ಲ. ಪೂರ್ತಿ ಬೋಳಿಸಿದ್ರೂ ಅಷ್ಟೇ ಅಣ್ಣಾ, ಇನ್ಯಾರು ನೋಡ್ಬೇಕು ಎಂದನು. ವಾರ್ಡರ್ ಪುಸ್ತಕದಲ್ಲಿ ಅದಕ್ಕೂ ಹಿಂದಿನ ಹತ್ತು ದಿನ ಅವನ ಬಗ್ಗೆ 'ಶಾಂತ, ತಕರಾರಿಲ್ಲ' ಎಂದೇ ಇದೆ. ವಿಚಾರಿಸಿದಾಗ, ಮಗಳು ಹೆಣೆದ ಸ್ವೆಟರನ್ನು ಪಕ್ಕದವನಿಗೆ ಕೊಟ್ಟುಬಿಟ್ಟೆ, ನನಗಿನ್ನು ಬೇಡ ಎಂದನು. ಸಾಯೋ ಯೋಚನೆ ಬರ್ತಿದೆಯೇನಪ್ಪಾ ಎಂದು ನೇರವಾಗಿಯೇ ಕೇಳಿದೆನು. ಹೌದೆಂದು ಹೇಳಿ ಅತ್ತನು.

ಮನೋವೈದ್ಯರು ಬರುವುದು ಮಂಗಳವಾರ ಮಾತ್ರ, 12 ಗಂಟೆಗೆ ಹೊರಟುಬಿಡುತ್ತಾರೆ. ಅವರ ಬಳಿ ಕರೆದೊಯ್ಯಲು ವಾರ್ಡರ್ ಚೀಟಿ ಬೇಕು. ವಾರ್ಡರ್ ಕೈದಿಗಳ ಎಣಿಕೆಗೆ ಹೋಗಿದ್ದರು. ಚೀಟಿ ಹಾಳಾಗಲಿ ಎಂದುಕೊಂಡು ಕತ್ತರಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಅವನ ಕುತ್ತಿಗೆಯ ಬಟ್ಟೆಯನ್ನೂ ಬಿಚ್ಚದೆ, 60 ಮೀಟರ್ ದೂರದ ಡಾಕ್ಟರ ಕೋಣೆಗೆ ಕೈ ಹಿಡಿದು ನಡೆಸಿದೆನು. ಡಾಕ್ಟರಮ್ಮ ಆಗಲೇ ಚೀಲ ಹೆಗಲಿಗೇರಿಸಿದ್ದರು. ನಮ್ಮನ್ನು ನೋಡಿ ಕೆಳಗಿಟ್ಟರು.

11.55ಕ್ಕೆ ಎಣಿಕೆಯಲ್ಲಿ ಒಬ್ಬ ಕಡಿಮೆ ಬಂದು ಸೈರನ್ ಕೂಗಿತು. ಹೊರಗೆ ಹೋಗಿ ತಿಳಿಸಲು ಎದ್ದೆನು. ಅವನು ಕೈ ಬಿಡಲಿಲ್ಲ, ಕೂತುಕೊಂಡೆನು. 12.20ಕ್ಕೆ ವಾರ್ಡರ್ ಬಾಗಿಲು ತೆರೆದಾಗಲೂ ಅವನು ಡಾಕ್ಟರಮ್ಮನ ಮುಂದೆ ಮಾತಾಡುತ್ತಲೇ ಇದ್ದನು.

ಅಂದೇ ಅವನನ್ನು ಜೈಲಿನ ಆಸ್ಪತ್ರೆಗೆ ಸೇರಿಸಿ ಔಷಧಿ ಶುರು ಮಾಡಿದ್ದಾರೆ. ಮಗಳು ಎರಡು ಸಲ ಬಂದು ಹೋಗಿದ್ದಾಳೆ. ಈಗ ಅವನ ಮೇಲೆ ಪರಾರಿಯಾಗಲು ಯತ್ನಿಸಿದ ಕೇಸು ಹಾಕುತ್ತಾರೆಂದು ಕೇಳಿದ್ದೇನೆ. ಅವನು ಓಡಲಿಲ್ಲ, ನಾನು ಕರೆದೊಯ್ದೆ. ಚೀಟಿ ಬರೆಸದ ತಪ್ಪು ಪೂರ್ತಿ ನನ್ನದು.

ಇಂದು ಬೆಳಿಗ್ಗೆ 10ಕ್ಕೆ, ಈ ಸಲ ಚೀಟಿ ಬರೆಸಿಕೊಂಡೇ, ಆಸ್ಪತ್ರೆಗೆ ಹೋಗಿ ಬಲಗಡೆ ಮೀಸೆ ಮುಗಿಸಿದೆನು. ಪಕ್ಕದವನಿಂದ ವಾಪಸು ಪಡೆದ ಸ್ವೆಟರ್ ಅವನ ಮೈಮೇಲಿತ್ತು. ಕನ್ನಡಿ ಕಿತ್ತುಕೊಂಡು ನೋಡಿ, ಎಡಗಡೆ ಗಿಡ್ಡ ಮಾಡಿಟ್ಟಿದ್ದೀಯಲ್ಲಾ ಅಣ್ಣಾ, ಕಣ್ಣು ಮನೇಲಿಟ್ಟು ಬಂದಿದ್ಯಾ ಎಂದು ಬೈದನು. ಹತ್ತು ದಿನದ ಮೇಲೆ ನನಗೆ ಜೀವ ಬಂದಂತಾಯಿತು.

ಪೊಲೀಸರು ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ಎಲ್ಲವೂ ನಿಜ. ಎಡಗಡೆ ತುಸು ಗಿಡ್ಡವಾಗಿರುವುದೂ ನಿಜ.

ಸ್ಥಳ: ಜೈಲಿನ ಮುಂಭಾಗದ ಪೊಲೀಸ್ ಠಾಣೆ
ದಿನಾಂಕ: 22, ಶುಕ್ರವಾರ, ಸಂಜೆ 4.15
(ಸಹಿ) ಕ್ಷೌರಿಕ