ಏಳು ಎಣಿಸುವವರೆಗೆ

ಕರಾಮದ ಪ್ರಾಣಿ ಆಸ್ಪತ್ರೆಯಲ್ಲಿ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಸರದಿಗೆ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಹಿಮವಿಲ್ಲದ ಈ ಮರುಭೂಮಿಯ ಊರಿನಲ್ಲಿ ನಾಯಿಗಳಿಂದ ಚಕ್ರದ ಗಾಡಿ ಎಳೆಸುವ ಕ್ಲಬ್ಬಿನ ಹೆಸರು ಇಬ್ಬರ ಅಂಗಿಯ ಮೇಲೂ ಇತ್ತು. ಅವರ ಕಾಲ ಬಳಿ ಒಂದು ಹಸ್ಕಿ ನಾಯಿ ಮಲಗಿತ್ತು, ನಾಲ್ಕೂ ಪಾದಕ್ಕೆ ಬ್ಯಾಂಡೇಜು. ಕನ್ನಡ ಕಿವಿಗೆ ಬಿದ್ದ ಕೂಡಲೇ ನಾನು ಮೊಬೈಲ್ ಕೆಳಗಿಟ್ಟೆ.

“ಕೋಚ್ ರಯ್ಯಾನ್ ಮೂರು ಸಲ ಫೋನ್ ಮಾಡಿದ, ಸಾಲಿಹಾ. ಸಾರಿ ಹೇಳ್ಬೇಕಂತೆ.”

“ಅವನ ಸಾರಿ ನನಗೆಂತಕ್ಕೆ ಅನ್ಸಾರ್ ಭಾಯ್, ಉಪ್ಪಿನಕಾಯಿ ಹಾಕ್ಲಿಕ್ಕಾ? ಓಡಿಸುವ ಮೊದಲು ನೆಲಕ್ಕೆ ಅಂಗೈ ಇಟ್ಟು ಏಳು ಎಣಿಸ್ಬೇಕು ಅಂತ ರೂಲ್ ಮಾಡಿದ್ದು ಯಾರು?”

“ಅವನೇ.”

“ಕೈ ಸುಟ್ಟರೆ ನಾಯಿ ಓಡಬಾರದು ಅಂತ?”

“ಅದೂ ಅವನೇ. ಆದ್ರೆ ಅವತ್ತು ಫೋಟೋದವರು ಬಂದದ್ದೇ ಹತ್ತು ಗಂಟೆಗೆ.”

“ಅದಕ್ಕೆ ಏಪ್ರಿಲ್ ಬಿಸಿಲಲ್ಲಿ, ಕೈ ಇಟ್ಟು ನೋಡದೆ, ನನ್ನ ಮಿನ್ನುವನ್ನು ಡಾಂಬರಿನ ಮೇಲೆ ಓಡಿಸಿದ.”

“ಕ್ಲಬ್ಬಿಂದ ತೆಗೀಬೇಕಾ ಹೇಳಿ. ಇವತ್ತೇ ಖಲಾಸ್.”

“ಬೇಡ, ಇರ್ಲಿ. ಶನಿವಾರ ಹತ್ತು ಗಂಟೆಗೆ ಅದೇ ಜಾಗಕ್ಕೆ ಬರ್ಲಿ. ಎಲ್ಲರ ಎದುರು ಅಂಗೈ ಇಡ್ಲಿ. ನಾನು ಎಣಿಸ್ತೇನೆ.”

“ಏಳೇ ಅಲ್ವಾ?”

“ಏಳೇ.”

ನರ್ಸ್ ಮಿನ್ನುವಿನ ಹೆಸರು ಕೂಗಿದಳು. ಇಬ್ಬರೂ ಸೇರಿ ನಾಯಿಯನ್ನು ಎತ್ತಿಕೊಂಡರು.

“ಏಳು ಎಣಿಸ್ಲಿಕ್ಕೆ ಎಷ್ಟು ಹೊತ್ತು ಮಹಾ?” ಅಂದ ಅನ್ಸಾರ್.

ಬಾಗಿಲನ್ನು ಭುಜದಿಂದ ದೂಡುತ್ತಾ ಸಾಲಿಹಾ ಹೇಳಿದಳು: “ಇವಳಿಗೆ ಎರಡು ಕಿಲೋಮೀಟರ್ ಓಡ್ಲಿಕ್ಕೆ ಎಷ್ಟು ಹೊತ್ತಾಯ್ತೋ, ಅಷ್ಟು.”